ಹೊಳಿ ಉಸುಕು ವರ್ಷಾ ಬರ್ತೈತಿ ಅನ್ನೋರಿಗೆ

ಪ್ರಶ್ನೆ: ಮಳಿಗಾಲದಾಗ ಹೊಳಿ ಬಂದ್ರ ಉಸುಕಿನ ಗುಂಡಿ ತಾವ ತುಂಬ್ತಾವ. ವರ್ಷಾ ಹೊಸಾ ಉಸುಕು ಬರೂದಾದ್ರ ತಗದ್ರ ಏನ್ ತಪ್ಪು? (ಹಾವೇರಿ ತಾಲೂಕು, ತುಂಗಭದ್ರಾ ದಂಡಿ ಊರಿಂದ)

ಉತ್ತರ: ರಾಣೆಬೆನ್ನೂರು, ಮುಂಡರಗಿ, ಹಾವೇರಿ, ಎಲ್ಲಾ ಕಡಿಂದನೂ ಇದ ಪ್ರಶ್ನೆ ಮತ್ತ ಮತ್ತ ಬರ್ತೈತಿ, ಆದ್ರ ಗುಂಡಿ ತುಂಬಿದ ಉಸುಕು ಬಂದಿದ್ದು ಎಲ್ಲಿಂದ ಅಂತ ಯಾರೂ ಕೇಳವಲ್ರು. ಗುಂಡಿ ತುಂಬ್ತೈತಿ, ಖರೆ. ತುಂಬೂದು ಬಹುಪಾಲು ನಿಮ್ಮ ಗುಂಡಿಗಿಂತ ಸ್ವಲ್ಪ ಮ್ಯಾಲ ಮೊದಲ ಬಿದ್ದಿದ್ದ ಉಸುಕಿನಿಂದ, ಮತ್ತ ಕುಸಿದ ದಂಡಿ ಮಣ್ಣಿನಿಂದ. ನೀರು ಗುಂಡಿಗೆ ಇಳಿಯೋ ಅಂಚಿನಾಗ ಇಳಿಜಾರು ಜಾಸ್ತಿ, ಅಲ್ಲಿ ಸೆಳವು ಜೋರಾಗಿ ಅಂಚು ಕೊರಕೋತ ಕೊರಕೋತ ಹೊಳಿ ಬಂದ ದಿಕ್ಕಿಗೆ ಹಿಂದ ಸರೀತೈತಿ, ಗುಂಡಿಯಾಗ ಉಸುಕು ಇಳಿಸಿ ಹಗುರಾದ ನೀರು ಮುಂದ ಹೋಗಿ ಕೆಳಗಿನ ತಳಾನೂ ಕೆರೀತೈತಿ, ಹಿಂಗಾಗಿ ಗುಂಡಿ ಮುಚ್ಚಿದಂಗ ಕಂಡ್ರೂ ಒಟ್ಟಾರೆ ಹೊಳಿ ತಳ ಇಳೀತೈತಿ, ಮ್ಯಾಲಿನ ಊರಿನ ಬ್ರಿಜ್ ಕಂಬದ ಬುಡ ಬಯಲಿಗೆ ಬೀಳ್ತೈತಿ, ದಂಡಿ ಬಾವಿ ಬತ್ತತಾವ.

ಇನ್ನ "ಹೊಳಿ ಎಷ್ಟ್ ಕೆಂಪಗ ಬರ್ತೈತಿ ನೋಡ್ರಿ, ಅದೆಲ್ಲಾ ಉಸುಕ ಅಲ್ಲೇನು" ಅನ್ನೋರಿಗೆ ಒಂದು ಕೆಲಸ ಹೇಳ್ತೀನಿ. ದಂಡಿ ಮ್ಯಾಲ ನಿಂತು, ಕೊಡಕ್ಕ ಹಗ್ಗ ಕಟ್ಟಿ ನೀರು ಸೇದಿ ಒಂದು ಬಾಟಲಿ ತುಂಬಿ ಇಡ್ರಿ, ಮರುದಿನ ತಳಕ್ಕ ಕುಂತಿದ್ದನ್ನ ಬೆರಳಾಗ ತಿಕ್ಕಿ ನೋಡ್ರಿ. ಬಹಳ ಮಟ್ಟಿಗೆ ಜಾರ್ತೈತಿ, ಕರಕರ ಅನ್ನೂದಿಲ್ಲ. ಅದು ರಾಡಿ, ನೀರಿನ ಜೋಡಿ ತೇಲಿಕೋತ ಡ್ಯಾಮಿನ ತನಕಾ ಹೋಗೂದು. ದಪ್ಪ ಉಸುಕು ತಳದಾಗ ಉಳ್ಳಿಕೋತ, ಜಿಕ್ಕೋತ ಹೋಗ್ತೈತಿ, ಅದೂ ದೊಡ್ಡ ಹೊಳಿ ಬಂದಷ್ಟ ದಿನ. ಇಳುವು ಆತಂದ್ರ ತಿರುವಿನ ಒಳಮಗ್ಗಲಕ್ಕ, ನಡುಗಡ್ಡಿಗೆ ಕುಂತು ಬಿಡ್ತೈತಿ. ಅಲ್ಲಿಂದ ಮತ್ತ ಏಳಾಕ ಕೆಲವು ಕಡೆ ಹತ್ತಾರು ವರ್ಷ, ಹೊಳಿಸಾಲಿನ ಹೊಲದಾಗ ಸೇರ್ಕೊಂಡ್ರ ನೂರಾರು ವರ್ಷನೂ ಆಗಬಹುದು.

ಅಮೆರಿಕದ ವಿಸ್ಕಾನ್ಸಿನ್‌ದಾಗ ಕೂನ್ ಕ್ರೀಕ್ ಅಂತ ಹಳ್ಳ ಐತಿ, ಸ್ಟ್ಯಾನ್ಲಿ ಟ್ರಿಂಬಲ್ ಅನ್ನೋ ವಿಜ್ಞಾನಿ 1853ರಿಂದ ಈಚಿನ ಲೆಕ್ಕ ತಗದು ನೋಡಿದ್ರ, ಹೊಲದಿಂದ ಕೊಚ್ಚಿ ಹೋದ ಮಣ್ಣಿನಾಗ ಹಳ್ಳ ದಾಟಿ ಮಿಸಿಸಿಪ್ಪಿ ಮುಟ್ಟಿದ್ದು ನೂರಕ್ಕ ಹತ್ತರಷ್ಟೂ ಇಲ್ಲ. ಉಳಿದಿದ್ದೆಲ್ಲಾ ಗುಡ್ಡದ ಬುಡಕ್ಕ, ಹಳ್ಳದ ಸಾಲಿಗೆ ಕುಂತಿತ್ತು. ನಮ್ಮ ಹೊಳಿ ಕಥಿನೂ ಇಂಥಾದ್ದ: ಭದ್ರಾ ತರ್ತಿದ್ದ ದಪ್ಪ ಉಸುಕಿಗೆ ಲಕ್ಕವಳ್ಳಿ ಡ್ಯಾಂ ಅಡ್ಡ ನಿಂತೈತಿ, ಗಳಗನಾಥದ ಹತ್ರ ಕೂಡೋ ವರದಾ ತರೂದು ದಾರಿ ತುಂಬಾ ಕುಂತು ಎದ್ದು ಬರೂದು. ನೀವು ಜೆಸಿಬಿ ಹಚ್ಚಿ ತಗಿಯೂದು ಅಜ್ಜನ ಕಾಲದ ಹಗೇವಿನ ಜ್ವಾಳ, ಈ ವರ್ಷದ ಸುಗ್ಗಿ ಅಂತ ತಿಳ್ಕೊಂಡು ಖಾಲಿ ಮಾಡಾಕತ್ತೀರಿ.

ಉಸುಕು ತಗೀಲೇಬಾರದು ಅಂತ ನಾ ಅನ್ನೂದಿಲ್ಲ. ಉಸುಕು ತಗಿಯೋ ಆಳಾನ 3 ಮೀಟರ್ ಇಲ್ಲಂದ್ರ ನೀರಿನ ಮಟ್ಟ, ಯಾವುದು ಕಡಿಮಿನೋ ಅಲ್ಲಿಗೇ ನಿಲ್ಲಸ್ರಿ ಅಂತ 2016ರ ಕೇಂದ್ರದ ಮಾರ್ಗಸೂಚಿ ಅಂತೈತಿ, 2020ರದ್ದು ಎಷ್ಟು ವಾಪಸ್ ಬರ್ತೈತಿ ಅಂತ ಅಳೀರಿ ಅಂತೈತಿ. ಅಳಿಯೂದು ಅಂದ್ರ ಮಳಿಗಾಲದ ಮುಂಚೆ ಮತ್ತ ಆಮ್ಯಾಲ ಅದ ಜಾಗಾದಾಗ ಹೊಳಿಗೆ ಅಡ್ಡ ತಳದ ಲೆವೆಲ್ ತಗೊಂಡು ಹೋಲಿಸೂದು. ಅಂಗೈ ಮ್ಯಾಲ ತೆಂಗಿನಕಾಯಿ ಇಟಗೊಂಡು "ಇಲ್ಲಿ ನಲವತ್ತು ಫೂಟ್ ಉಸುಕೈತಿ, ತಗದಷ್ಟೂ ಬರ್ತೈತಿ" ಅನ್ನೋ ಮಂದಿ ಮಾತಲ್ಲ ಅದು. ಅಂಥವರಿಗೆ ಊರ ರೊಕ್ಕ ಕೊಡೂದು ನೋಡಿದ್ರ ನನಗ ಸಿಟ್ಟು ತಡಿಯಾಕ ಆಗಂಗಿಲ್ಲ. ಗುಂಡಿ ತಗದ ಹೊಳಿಯಾಗ ಹುಡುಗರನ್ನ, ದನಾನ ಇಳಸಬ್ಯಾಡ್ರಿ. ಮೊಣಕಾಲಮಟ ನೀರಿನ ಮುಂದಿನ ಹೆಜ್ಜಿಗೆ ಎರಡಾಳು ಆಳ ಇರ್ತೈತಿ, ಮ್ಯಾಲಿಂದ ಗೊತ್ತ ಆಗಂಗಿಲ್ಲ. ಅತಿ ಅಂಜಿಕಿ ಅಂದ್ರೂ ಅನ್ರಿ, ನಾನಂತೂ ಯಾರನ್ನೂ ಇಳಿಯಾಕ ಬಿಡಂಗಿಲ್ಲ.

ಪ್ರಶ್ನೆ: ಟಿಬಿ (ತುಂಗಭದ್ರಾ) ಡ್ಯಾಂ ಹೂಳು ಯಾಕ ತಗಿಯಂಗಿಲ್ಲ? (ಗದಗ)

ಡ್ಯಾಂ ನೀರು ಹಿಡಿಯೋ ತಾಕತ್ತು 133 ಟಿಎಂಸಿ ಇದ್ದದ್ದು 105ರ ಆಸುಪಾಸಿಗೆ ಬಂದೈತಿ, ಅಂದ್ರ 28 ಟಿಎಂಸಿ ಹೂಳು, ಸುಮಾರು 79 ಕೋಟಿ ಘನ ಮೀಟರ್. ಹತ್ತು ಘನ ಮೀಟರಿನ ಟಿಪ್ಪರ್ ನಿಮಿಷಕ್ಕೊಂದರಂಗ ಹಗಲು ರಾತ್ರಿ ತುಂಬಿದ್ರ 150 ವರ್ಷ ಬೇಕು, ಅಷ್ಟರಾಗ ಬರೋ ಹೊಸಾ ಹೂಳು ಬ್ಯಾರೆ. ತಗದು ಹಾಕೂದೆಲ್ಲಿ ಅಂತ ಮೊದಲ ಹೇಳಿ ಆಮ್ಯಾಲ ಭಾಷಣ ಮಾಡ್ರಿ.

ಪ್ರಶ್ನೆ: ಬೆಣ್ಣಿಹಳ್ಳ ಅಗಲ ಮಾಡಿದ್ರ ನೆರಿ ನಿಲ್ತೈತಿ? (ನವಲಗುಂದ)

ಬರೇ ಅಗಲ ಮಾಡಿದ್ರ ಸೆಳವು ಕಡಿಮಿ ಆಗಿ ಎರಿ ಮಣ್ಣಿನ ರಾಡಿ ಅಲ್ಲೇ ಕುಂದರ್ತೈತಿ, ಕೆಲವು ಮಳಿಗಾಲದಾಗ ಮತ್ತ ಅದ ಹಳ್ಳ. ಹೊಲದ ಒಡ್ಡು ಮೊದಲ ಗಟ್ಟಿ ಮಾಡ್ಕೊಳ್ರಿ.

ಪ್ರಶ್ನೆ: ಕೆರಿ ಹೂಳು ಹೊಲಕ್ಕ ಹಾಕ್ಲ್ಯಾ? (ಧಾರವಾಡ)

ಮಸಾರಿಗೆ ಹಾಕ್ರಿ, ಎರಿ ಹೊಲಕ್ಕ ಬ್ಯಾಡ. ಗಟಾರ ನೀರು ಸೇರೋ ಊರ ಕೆರಿ ಹೂಳಾದ್ರ ಟೆಸ್ಟ್ ಮಾಡಿಸದ ಮುಟ್ಟಬ್ಯಾಡ್ರಿ.