ಪ್ರತಿಕ್ರಿಯೆ: ಕೋವಿಡ್ ವರ್ಷದಲ್ಲಿ ಎನ್‌ಪಿಎ ಇಳಿದಿದೆ, ನನ್ನ ಪ್ರಾಜೆಕ್ಟ್ ಲೆಕ್ಕ ತಪ್ಪಾ?

ಸಂಕಷ್ಟದ ವರ್ಷದಲ್ಲಿ ಎನ್‌ಪಿಎ, ಅಂದರೆ ಬ್ಯಾಂಕಿಗೆ ವಾಪಸ್ ಬರದೆ ನಿಂತ ಸಾಲ, ಏರಬೇಕಿತ್ತಲ್ಲ ಅನ್ನೋದು ನಿಮ್ಮ ಅನುಮಾನ. ಲೆಕ್ಕ ತಪ್ಪಿಲ್ಲ, ಮೊರಟೋರಿಯಂ (ಕಂತು ಮುಂದೂಡಲು ಕೊಟ್ಟ ಅವಕಾಶ) ಮರೆತಿದ್ದೀರಿ ಅನ್ಸುತ್ತೆ. ದೇಶದ ಬ್ಯಾಂಕುಗಳ ಒಟ್ಟು ಎನ್‌ಪಿಎ 2020ರ ಮಾರ್ಚ್‌ನಲ್ಲಿ ಸಾಲದ ಶೇ. 8.2 ಇತ್ತು, ಮರುವರ್ಷ 7.3ಕ್ಕೆ ಇಳಿಯಿತು. 2020ರ ಆಗಸ್ಟ್‌ವರೆಗೆ ಕಂತು ಮುಂದೂಡಬಹುದಿತ್ತು. ಆಮೇಲೆ, ಆಗಸ್ಟ್‌ವರೆಗೆ ಸರಿಯಿದ್ದ ಸಾಲವನ್ನು ಎನ್‌ಪಿಎ ಅಂತ ಘೋಷಿಸದಂತೆ ಸುಪ್ರೀಂ ಕೋರ್ಟ್ ತಡೆ, 2021ರ ಮಾರ್ಚ್ 23ರವರೆಗೆ. ಹೊಸದು ಹೆಚ್ಚು ಸೇರಲಿಲ್ಲ, ಹಳೆಯದು ರೈಟ್ ಆಫ್ ಆಗುತ್ತಲೇ ಇತ್ತು, ಅಂದರೆ ಬ್ಯಾಂಕಿನ ಪುಸ್ತಕದಿಂದ ತೆಗೆದುಹಾಕುತ್ತಲೇ ಇದ್ದರು.

ಸಂಕಷ್ಟ ಎನ್‌ಪಿಎಯಲ್ಲಿ ತಡವಾಗಿ ಕಾಣುತ್ತೆ. ಹಾಗಾಗಿ ಮೊದಲು ಎನ್‌ಪಿಎ ಕಾಲಂ ಸರಿಸಿ, ಸಂಕಷ್ಟದ ವರ್ಷದ ಎದುರು ಅದರ ನಂತರದ ವರ್ಷಗಳ ಎನ್‌ಪಿಎ ಬರುವಂತೆ ಮಾಡಿ ನೋಡಿ. ತೀರ್ಥಹಳ್ಳಿ ಕಡೆ ಸಾಲದ ಟೇಬಲ್‌ನಲ್ಲಿ ಕೂತವನು ನಾನು. ಅಡಿಕೆಗೆ ಕೊಳೆ ಬಂದ ವರ್ಷ ಸುಸ್ತಿ ಜಾಸ್ತಿ ಆಗುತ್ತಿರಲಿಲ್ಲ. ಚಿನ್ನದ ಸಾಲಕ್ಕೆ ಮಾತ್ರ ಕ್ಯೂ! ಬಳೆ, ಸರ ಅಡವಿಟ್ಟು ತೋಟದ ಕಂತು ಕಟ್ಟುತ್ತಿದ್ದರು. ಮರುವರ್ಷ ಎರಡೂ ಒಟ್ಟಿಗೆ ನಿಲ್ಲುತ್ತಿದ್ದವು. ದೇಶದ ಲೆಕ್ಕವೂ ಹಾಗೇ ಅಲ್ವಾ? 2008ರ ನಂತರ ಮರುಹೊಂದಾಣಿಕೆ (ಕಟ್ಟಲಾಗದವರಿಗೆ ಅವಧಿ, ಷರತ್ತು ಬದಲಿಸಿಕೊಡುವುದು) ಹೆಸರಲ್ಲಿ ಮುಚ್ಚಿಟ್ಟ ಕೆಟ್ಟ ಸಾಲವನ್ನು ರಿಸರ್ವ್ ಬ್ಯಾಂಕ್ 2015ರಲ್ಲಿ ಬಿಚ್ಚಿ ನೋಡಿತು. 2018ರ ಮಾರ್ಚ್‌ಗೆ ಒಟ್ಟು ಎನ್‌ಪಿಎ ಶೇ. 11 ದಾಟಿತ್ತು.

ಆಮೇಲೆ ಮರುಹೊಂದಾಣಿಕೆ ಸಾಲವನ್ನೂ ಆ ವರ್ಷದ ರೈಟ್ ಆಫ್ ಮೊತ್ತವನ್ನೂ ಎನ್‌ಪಿಎಗೆ ಕೂಡಿಸಿ, ಇನ್ನೊಂದು ಕಾಲಂ ಮಾಡಿ. 2020-21ಕ್ಕೆ ಬೇರೆ ಡಮ್ಮಿ ಹಾಕಿ, ಅಂದರೆ ಆ ವರ್ಷಕ್ಕೆ 1, ಉಳಿದವಕ್ಕೆ 0 ಇರುವ ಕಾಲಂ. ಎಷ್ಟು ವರ್ಷ ಸರಿಸಬೇಕು ಅನ್ನೋದು ನಿಮ್ಮ ಶೀಟ್ ನೋಡದೆ ಹೇಳೋಕಾಗಲ್ಲ. ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಸರಿಸಿ, ಎಲ್ಲವನ್ನೂ ಓಡಿಸಿ ನೋಡಿ.