ಬರೆಯುವವರು ನೀವು, ಓದುವವರು ಭಾವನವರು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ನಾಲ್ಕು ಪುಟಗಳ ಪತ್ರವನ್ನು ಓದಿದ ಮೇಲೆ ಈ ವಾರ ಬೇರಾವ ಪತ್ರಕ್ಕೂ ಉತ್ತರಿಸುವ ಮನಸ್ಸಾಗಲಿಲ್ಲ. ಪ್ರೊಟೆಸ್ಟೆಂಟ್ ಸಭೆಯೊಂದರ, ಅಂದರೆ ಚರ್ಚೊಂದರ, ಸದಸ್ಯೆಯಾದ ಇವರು ಅನೇಕ ವರ್ಷಗಳಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದಾರೆ. ಸುಗ್ಗಿ ಹಬ್ಬದ ಆರಾಧನೆಯಲ್ಲಿ ಪ್ರಸಂಗ, ಎಂದರೆ ಧರ್ಮೋಪದೇಶ, ಮಾಡುವಂತೆ ಸಭಾಪಾಲಕರು (ಪಾದ್ರಿಗಳು) ಕೇಳಿದಾಗ, ಸಭಾ ಸಮಿತಿಯ ಕಾರ್ಯದರ್ಶಿಯಾಗಿರುವ ಪತಿಯ ಅಣ್ಣ "ದೇವರು ಇಟ್ಟ ಕ್ರಮವನ್ನು ಮೀರಬೇಡಮ್ಮ" ಎಂದು ತಡೆದರು. ಪತಿ ಮಾತಾಡಲಿಲ್ಲ. ತಾವು ವೇದಿಕೆ ಹತ್ತಿದರೆ ಪಾಪವೇ ಎಂಬುದು ಇವರ ಪ್ರಶ್ನೆ.

ಸಹೋದರಿ, ನನ್ನ ಕಣ್ಣು ನಿಂತದ್ದು ಮೂರನೆಯ ಪುಟದಲ್ಲಿ ನೀವು ಸುಮ್ಮನೆ ಹೇಳಿ ದಾಟಿಸಿದ ಮಾತಿನ ಮೇಲೆ: ಗುರುವಾರದ ಮನೆ ಪ್ರಾರ್ಥನಾ ಕೂಟದಲ್ಲಿ ಭಾವನವರು ಓದುವ ಪ್ರಸಂಗವನ್ನು, ಅಡಿಕೆ ಸುಲಿತದ ದಿನಗಳಲ್ಲಿಯೂ ರಾತ್ರಿ ಕುಳಿತು, ನೀವೇ ಬರೆದುಕೊಡುತ್ತೀರಿ. ಹಾಗಾದರೆ ನಿಮ್ಮ ಬೋಧನೆಯನ್ನು ಗಂಡಸರು ವಾರವಾರವೂ ಕೇಳುತ್ತಲೇ ಇದ್ದಾರೆ. ಅಡ್ಡಿಯಾಗಿರುವುದು ನಿಮ್ಮ ಹೆಸರು ಮಾತ್ರ.

ಸ್ತ್ರೀ ಉಪದೇಶ ಮಾಡಬಾರದೆಂಬ ಮಾತು ಬೈಬಲಿನಲ್ಲಿ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದಲ್ಲಿದೆ, ಅದನ್ನು ಇಲ್ಲವೆನ್ನಲಾಗದು. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಸ್ತ್ರೀಯರು ಮೌನವಾಗಿರಲಿ ಎನ್ನುವ, ಆ ಪತ್ರಿಕೆ ಬರೆದ ಪೌಲನೇ, 11ನೆಯ ಅಧ್ಯಾಯದಲ್ಲಿ ಪ್ರಾರ್ಥಿಸುವ ಮತ್ತು ಪ್ರವಾದಿಸುವ (ದೇವರ ಮಾತನ್ನು ಸಾರುವ) ಸ್ತ್ರೀ ತಲೆಗೆ ಮುಸುಕು ಹಾಕಿಕೊಳ್ಳಬೇಕೆಂದೂ ಹೇಳುತ್ತಾನೆ. ಬಾಯಿಯನ್ನೇ ತೆರೆಯಬಾರದವಳಿಗೆ ಆ ನಿಯಮವೇಕೆ? ಕ್ಯಾಥೋಲಿಕ್ ಸಭೆ ಇಂದಿಗೂ ಪುರುಷರಿಗಷ್ಟೇ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಕೊಡುತ್ತದೆ. ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) 1976ರಲ್ಲಿ ಮಹಿಳೆಗೆ ಗುರುದೀಕ್ಷೆಯಾಯಿತು, 2013ರಲ್ಲಿ ಪುಷ್ಪ ಲಲಿತಾ ನಂದ್ಯಾಲದ ಬಿಷಪ್ಪರಾದರು. ಎರಡು ಪಕ್ಷಗಳಲ್ಲಿಯೂ ಪ್ರಾಮಾಣಿಕರಿದ್ದಾರೆ. ನಿಮ್ಮ ಭಾವನವರು ಮಾತ್ರ ಎರಡರಲ್ಲಿಯೂ ಇಲ್ಲ.

ಕ್ರಮದ ಮಾತೆತ್ತುವವರು ಬೈಬಲಿನ ಅರಣ್ಯಕಾಂಡದ 4ನೆಯ ಅಧ್ಯಾಯವನ್ನು ಓದಲಿ. ಇಸ್ರಾಯೇಲ್ಯರ ಆರಾಧನೆಯ ಡೇರೆಯಾದ ದೇವದರ್ಶನದ ಗುಡಾರವನ್ನು ಸಾಗಿಸುವಾಗ, ಲೇವಿ ಕುಲದ ಮೂರು ಮನೆತನಗಳಲ್ಲಿ ಮಂಜೂಷವನ್ನು (ದೇವರ ಆಜ್ಞೆಗಳ ಪೆಟ್ಟಿಗೆಯನ್ನು) ಕೆಹಾತ್ಯರೂ, ಪರದೆಗಳನ್ನು ಗೇರ್ಷೋನ್ಯರೂ, ಕಂಬ ಹಲಗೆಗಳನ್ನು ಮೆರಾರೀಯರೂ ಹೊರಬೇಕೆಂದು ಅಲ್ಲಿ ನೇಮಿಸಲಾಗಿದೆ. ಹೊತ್ತದ್ದು ಒಂದು ಮನೆತನ, ಹೆಸರು ಇನ್ನೊಂದಕ್ಕೆ ಎಂಬ ಏರ್ಪಾಡು ಅಲ್ಲೆಲ್ಲಿಯೂ ಇಲ್ಲ. ಇನ್ನೊಬ್ಬರ ಹೆಸರಿನಲ್ಲಿ ದುಡಿಯುವುದನ್ನು ವಿನಯವೆಂದು ಕರೆಯಬಾರದೆಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಇಷ್ಟಾದರೂ ನನ್ನ ಹೆಚ್ಚಿನ ಸಿಟ್ಟು ಸಭಾಪಾಲಕರ ಮೇಲೆ. ಯಾರು ಪ್ರಸಂಗ ಮಾಡಬೇಕೆಂದು ನಿರ್ಧರಿಸಿ, ಸಮಿತಿಯ ಮುಂದೆ ಹೇಳಿ, ಬಂದ ಆಕ್ಷೇಪಕ್ಕೆ ಉತ್ತರ ಕೊಡುವುದು ಅವರಿಗೆ ಒಪ್ಪಿಸಿದ ಕೆಲಸ. ಅದನ್ನು ಬಿಟ್ಟು ಅವರು ನಿಮ್ಮನ್ನು ಖಾಸಗಿಯಾಗಿ ಕರೆದು, ಭಾವನವರು ಗುಡುಗಿದ ಕೂಡಲೇ "ಮೊದಲು ಮನೆಯಲ್ಲಿ ಒಪ್ಪಿಸಿಕೊಂಡು ಬನ್ನಿ" ಎಂದು ಜಾರಿಕೊಂಡರು. ತಮ್ಮ ಸ್ಥಾನವನ್ನು ಬಿಟ್ಟು ಕದಲಿದವರು ಅವರು, ನೀವಲ್ಲ. ನಿಮ್ಮ ಪತಿಯ ಮೌನ ನನಗೆ ಅಷ್ಟು ದೊಡ್ಡ ತಪ್ಪಾಗಿ ಕಾಣಲಿಲ್ಲ. ಅಣ್ಣನೆದುರು ಮಾತು ಹೊರಡದ ತಮ್ಮಂದಿರು ಮಲೆನಾಡಿನಲ್ಲಿ ಮನೆಗೊಬ್ಬರಿದ್ದಾರೆ.

ಸುಗ್ಗಿ ಹಬ್ಬದ ಪ್ರಸಂಗಕ್ಕಾಗಿ ನೀವು ಯಾರೊಡನೆಯೂ ವಾದಿಸಬೇಕಾಗಿಲ್ಲ. ಮಾಡಬೇಕಾದದ್ದು ಒಂದೇ: ಬರುವ ಗುರುವಾರಕ್ಕೆ ಭಾವನವರಿಗೆ ಏನನ್ನೂ ಬರೆದುಕೊಡಬೇಡಿ. ಏಕೆಂದು ಕೇಳಿದರೆ, "ನೀವು ಹೇಳಿದ ಕ್ರಮವನ್ನೇ ಪಾಲಿಸುತ್ತಿದ್ದೇನೆ, ಭಾವ" ಎಂದಷ್ಟೇ ಹೇಳಿ, ಆ ರಾತ್ರಿ ಬೇಗ ಮಲಗಿ.