ಒಂದು ಕಪ್ ಮೈದಾ ಎಂದರೆ ಎಷ್ಟು ಗ್ರಾಂ?

ಪ್ರಶ್ನೆ: ಅಕ್ಕಾ, ಅಮೆರಿಕದಲ್ಲಿರುವ ಮಗಳು ಕೇಕ್ ರೆಸಿಪಿ ಕಳಿಸಿದ್ದಾಳೆ. ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಅರ್ಧ ಕಪ್ ಬೆಣ್ಣೆ, ಒಂದು ಕಪ್ ಮೊಸರು, ಒಂದು ಟೀ ಚಮಚ ಸೋಡಾ. ಅವಳ ಕೈಯಲ್ಲಿ ಮೆತ್ತಗೆ ಬರುತ್ತದಂತೆ. ನನ್ನದು ಮೇಲೆಲ್ಲ ಬಿರಿದು ಪುಡಿಪುಡಿ. ನಾನು ಎಲ್ಲವನ್ನೂ ಒಂದೇ ಸ್ಟೀಲ್ ಲೋಟದಲ್ಲಿ ಅಳೆಯುತ್ತೇನೆ, ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುತ್ತೇನೆ. ಈಗ ಡಿಜಿಟಲ್ ತಕ್ಕಡಿ ತಂದಿದ್ದೇನೆ. ಒಂದು ಕಪ್ ಎಂದರೆ ಎಷ್ಟು ಗ್ರಾಂ?
– ಓದುಗರು, ಶಿರಸಿ

ಉತ್ತರ: ತಕ್ಕಡಿ ತಂದದ್ದು ತುಂಬಾ ಒಳ್ಳೆಯದಾಯಿತು. ಆದರೆ ಎಲ್ಲ ಸಾಮಾನಿಗೂ ಹೊಂದುವ ಒಂದೇ ಲೆಕ್ಕ ಇಲ್ಲ. ಅಮೆರಿಕದ ಕಪ್ ಸುಮಾರು 240 ಎಂ.ಎಲ್. ಅದರಲ್ಲಿ ಸಕ್ಕರೆ 200 ಗ್ರಾಂ ಹಿಡಿಯುತ್ತದೆ, ಬೆಣ್ಣೆ 227, ಮೊಸರು 245ರ ಆಸುಪಾಸು. ಯಾರು ಅಳೆದರೂ ಇವು ಅಷ್ಟಾಗಿ ಬದಲಾಗುವುದಿಲ್ಲ. ಮೈದಾ ಹಾಗಲ್ಲ, ತುಂಬಿದವರ ಕೈ ಹೇಗೋ ಅದರ ತೂಕ ಹಾಗೆ. ಚಮಚದಿಂದ ಸಡಿಲವಾಗಿ ಹಾಕಿ ಮೇಲೆ ಚಾಕುವಿನಿಂದ ಸವರಿದರೆ ಕಪ್ಪಿಗೆ 120 ಗ್ರಾಂ. ಡಬ್ಬಿಯೊಳಗೆ ಕಪ್ ಒತ್ತಿ ಮೊಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಎರಡು ಕಪ್ಪಿಗೆ 60 ಗ್ರಾಂ ಹೆಚ್ಚಾದರೆ ಅರ್ಧ ಕಪ್ ಮೈದಾ ಜಾಸ್ತಿ ಬಿದ್ದ ಹಾಗೆ. ಕೇಕ್ ಒಣಗದೆ ಇನ್ನೇನಾಗುತ್ತದೆ?

ನಿಮ್ಮ ಲೋಟದ ಮೇಲೆ ನನಗೆ ಅನುಮಾನವಿಲ್ಲ. ಎಲ್ಲವನ್ನೂ ಅದರಲ್ಲೇ ಅಳೆದರೆ ಪ್ರಮಾಣ ಕೆಡುವುದಿಲ್ಲ, ಕೇಕ್ ಚಿಕ್ಕದೋ ದೊಡ್ಡದೋ ಆಗುತ್ತದೆ ಅಷ್ಟೇ. ಚಮಚದ ಲೆಕ್ಕದ ಸೋಡಾ ಮಾತ್ರ ಏರುಪೇರಾಗಬಹುದು. ನನ್ನ ಅನುಮಾನ ಇರುವುದು ಸಕ್ಕರೆಯ ಮೇಲೆ. ಅಳೆದು ಪುಡಿ ಮಾಡುತ್ತೀರೋ, ಪುಡಿ ಮಾಡಿ ಅಳೆಯುತ್ತೀರೋ? ಪುಡಿ ಸಕ್ಕರೆ ಕಪ್ಪಿಗೆ 120 ಗ್ರಾಂ ಸುಮಾರು. ಪುಡಿ ಮಾಡಿ ಅಳೆದರೆ ಸಿಹಿ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಕೇಕಿನಲ್ಲಿ ಪಸೆ ಹಿಡಿದಿಡುವುದೂ ಸಕ್ಕರೆಯೇ. ತೂಕ ಮಾಡಿದರೆ ಈ ತಾಪತ್ರಯವೇ ಇಲ್ಲ: 200 ಗ್ರಾಂ ಸಕ್ಕರೆ ಪುಡಿಯಾದರೂ 200 ಗ್ರಾಂ. ಮೈದಾ ಜರಡಿ ಹಿಡಿಯುವುದು ಮೊದಲೋ ಆಮೇಲೋ ಎಂಬ ಗೊಂದಲವೂ ಇರುವುದಿಲ್ಲ.

ಹಾಗಾಗಿ ಮಗಳ ರೆಸಿಪಿಗೆ ಮೈದಾ 240, ಸಕ್ಕರೆ 200, ಬೆಣ್ಣೆ 113, ಮೊಸರು 245 ಗ್ರಾಂ ಎಂದು ಬರೆದುಕೊಳ್ಳಿ. ನಮ್ಮಲ್ಲಿ ಸಿಗುವ 100 ಗ್ರಾಂ ಬೆಣ್ಣೆ ಪ್ಯಾಕಿಗೆ ಇನ್ನೊಂದು ಟೇಬಲ್ ಚಮಚ ಸೇರಿಸಿದರೆ ಸಾಕು. ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಒಂದು ಸಾಮಾನು ಹಾಕಿದ ಮೇಲೆ ಮತ್ತೆ ಸೊನ್ನೆ ಮಾಡಿ ಮುಂದಿನದನ್ನು ಹಾಕಿ. ತೊಳೆಯುವ ಪಾತ್ರೆಯೂ ಉಳಿಯುತ್ತದೆ.

ಸೋಡಾ ಮಾತ್ರ ಚಮಚದಲ್ಲೇ ಇರಲಿ. ಒಂದೊಂದು ಗ್ರಾಮಿನಂತೆ ತೋರಿಸುವ ಮನೆಯ ತಕ್ಕಡಿ ಅಷ್ಟು ಸಣ್ಣ ತೂಕಕ್ಕೆ ನಂಬಿಕಸ್ಥವಲ್ಲ. ಕಾಫಿ ಕಲಕುವ ಚಮಚ ಬೇಡ, 5 ಎಂ.ಎಲ್. ಅಳತೆಯ ಚಮಚವನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ರೆಸಿಪಿ ಸಿಕ್ಕಿದರೆ ನೆನಪಿಡಿ: ಅಲ್ಲಿನ ಕಪ್ 250 ಎಂ.ಎಲ್., ಟೇಬಲ್ ಚಮಚ 20 ಎಂ.ಎಲ್., ಅಮೆರಿಕದ್ದು 15.

ಲೋಟದ ಲೆಕ್ಕದಲ್ಲೇ ನೀವು ಚೆನ್ನಾಗಿ ಮಾಡುವ ತಿಂಡಿಗಳಿದ್ದರೆ ಅವನ್ನೂ ಒಮ್ಮೆ ತೂಗಿ ಬರೆದಿಡಿ. ಲೋಟ ಎಷ್ಟು ಹಿಡಿಯುತ್ತದೆಂದು ತಿಳಿಯಬೇಕಾದರೆ ನೀರು ತುಂಬಿ ತೂಗಿ, ನೀರಿನ ಗ್ರಾಂ ಎಷ್ಟೋ ಎಂ.ಎಲ್. ಅಷ್ಟೇ. ಇಷ್ಟಾದ ಮೇಲೂ ಕೇಕ್ ಬಿರಿದರೆ ಓವನ್ನಿನ ಉರಿ ಹೆಚ್ಚಾಗಿರಬಹುದು. ಎಷ್ಟು ಡಿಗ್ರಿಯಲ್ಲಿ, ಯಾವ ಅಳತೆಯ ಟಿನ್ನಿನಲ್ಲಿ ಬೇಯಿಸುತ್ತೀರೆಂದು ಬರೆಯಿರಿ, ನೋಡೋಣ.